ಅತ್ತೆಯನ್ನು ಕಾಡಿಗೆ ಕಳಿಸಿದ್ದು

ಒಪ್ಪಿಕೊಂಡುಬಿಡುತ್ತೇನೆ. ನನ್ನ ಅತ್ತೆಯನ್ನು ಒಂದೂವರೆ ತಿಂಗಳು ಚಿಂಚೋಳಿ ಕಾಡಿನಲ್ಲಿ ಅಲೆದಾಡಿಸಿದವಳು ನಾನೇ. ಅದೂ ಅವರ ಕಾಲು ಮುರಿದಿದ್ದಾಗ. ಅತ್ತೆಯನ್ನು ಕಾಡಿಗಟ್ಟುವ ಆಸೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಮುಪ್ಪಾದ ಸೊಸೆಯರನ್ನು ಬೇಕಾದಷ್ಟು ಕಂಡಿದ್ದೇನೆ. ನನ್ನ ಕೈಯಿಂದ ಶಿವ ಅದನ್ನು ಅತ್ತೆಯ ಒಪ್ಪಿಗೆಯ ಮೇಲೆಯೇ ಮಾಡಿಸಿದ. ಅವನು ಮಾಡಿದ ಸಣ್ಣ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ಚಾಳಿ. ಇದಕ್ಕೂ ಒಂದು ಬೆರಳು ಮಡಚಿದ್ದೇನೆ.

ಆಗ ನಾವು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಮನೆತುಂಬ ನೆಲಕ್ಕೆ ಶಹಾಬಾದಿನ ಫರಸಿ ಕಲ್ಲು. ಒರೆಸಿದರೆ ಕನ್ನಡಿ, ಒದ್ದೆಯಾದರೆ ಯಮ. ಬೆಳಗಿನ ಪೂಜೆಗೆ ನೀರು ತರುತ್ತಿದ್ದ ಅತ್ತೆ ಅದರ ಮೇಲೆ ಜಾರಿದರು. ಕೊಡ ಉಳಿಯಿತು, ಮೊಣಕಾಲಿನ ಕೆಳಗಿನ ಎಲುಬು ಸೀಳಿತು. ಡಾಕ್ಟರು ಪ್ಲಾಸ್ಟರು ಹಾಕಿ, "ಆರು ವಾರ ಈ ಕಾಲು ನೆಲಕ್ಕ ಊರಬಾರದು. ಊರಿದ್ರ ಮುಂದ ಊರೋದೇ ಆಗೋದಿಲ್ಲ" ಎಂದರು.

ಡಾಕ್ಟರಿಗೇನು, ಹೇಳಿ ಹೋದರು. ನನ್ನ ಅತ್ತೆ ಆಡಕಿ ಎಂಬ ಹಳ್ಳಿಯ ಹೊಲದಲ್ಲಿ ಬೆಳೆದವರು. ಒಂದು ಗಳಿಗೆ ಕೂತರೆ ತಮ್ಮನ್ನು ಯಾರೋ ಶಪಿಸಿದ್ದಾರೆಂದು ತಿಳಿಯುವವರು. ಮೂರನೆಯ ದಿನವೇ ನಾನು ರೊಟ್ಟಿ ಬಡಿಯುತ್ತಿದ್ದಾಗ ಸದ್ದು ಕೇಳಿ ಓಡಿಬಂದರೆ, ಒಂದು ಕಾಲು ಮಂಚದ ಕೆಳಗೆ ಇಳಿಬಿಟ್ಟಿದ್ದಾರೆ.

"ಎಲ್ಲಿ ಹೊಂಟೀರಿ, ಅತ್ತಿ?"

"ನಿನ್ನ ರೊಟ್ಟಿ ಸೀಯಲಿಕತ್ತದ. ವಾಸನಿ ಇಲ್ಲೀ ತನಕ ಬರ್ತದ. ಹೇಳಲಿಕ್ಕೆ ಹೊಂಟಿದ್ದೆ."

ನನ್ನ ಕಷ್ಟ ಕಂಡು ಉಪಾಯ ತಂದವಳು ಎದುರು ಮನೆಯ ಗಾರ್ಡ್ ಸಾಹೇಬರ ಹೆಂಡತಿ ಮೇರಿಬಾಯಿ. ಅವಳ ತಮ್ಮ ಹಡಗಿನ ಮೇಲೆ ಕೆಲಸಕ್ಕಿದ್ದ; ಯಾವುದೋ ಬಂದರಿನಿಂದ ಅಕ್ಕನಿಗೆಂದು ಒಂದು ಆಟ ತಂದುಕೊಟ್ಟಿದ್ದ. ಡಬ್ಬಿ ತೆರೆದರೆ ಒಂದು ಇಂಗ್ಲಿಷ್ ಪುಸ್ತಕ, ಬೆಲ್ಲದ ಚೂರಿನಂಥ ಹಲವು ಮುಖದ ದಾಳಗಳು. ಹಾಸುವ ಮಣೆ ಇಲ್ಲ, ಕಾಯಿ ಇಲ್ಲ, ಗೆಲ್ಲುವವರಿಲ್ಲ, ಸೋಲುವವರಿಲ್ಲ. ಒಬ್ಬರು ಆಡಿಸುವವರು: ನೀವು ಇಂಥಲ್ಲಿದ್ದೀರಿ, ಮುಂದೆ ಹೀಗೊಂದು ಗುಹೆ ಇದೆ ಎಂದು ಹೇಳುವುದು. ಉಳಿದವರು ಒಬ್ಬೊಬ್ಬರು ಒಂದೊಂದು ವೇಷ ಮನಸ್ಸಿನಲ್ಲಿ ಹಾಕಿಕೊಂಡು, ನಾನು ಇದನ್ನು ಮಾಡುತ್ತೇನೆ ಎನ್ನುವುದು. ಮಾಡಲು ಸಾಧ್ಯವಾಯಿತೋ ಇಲ್ಲವೋ ದಾಳ ಹೇಳುತ್ತದೆ. ಇಷ್ಟೇ. ನೆಲಕ್ಕೆ ಕಾಲಿಡದೆ ಊರು ಸುತ್ತುವ ಆಟ. ನನಗೆ ಬೇಕಾದದ್ದೂ ಅದೇ.

ಆ ದಾಳಗಳ ಲೆಕ್ಕ ನನ್ನ ತಲೆಗೆ ಹತ್ತಲಿಲ್ಲ. ಮನೆಯಲ್ಲಿದ್ದ ಆರು ಕವಡೆ ತೆಗೆದೆ. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು. ಸುಲಭದ ಕೆಲಸಕ್ಕೆ ಎರಡು ಸಾಕು, ಕಷ್ಟದ್ದಕ್ಕೆ ನಾಲ್ಕೈದು. ಕವಡೆಯೆಂದರೆ ಹಗುರ ಮಾತಲ್ಲ. ಶಿವ ಪಾರ್ವತಿಯರೇ ಕೈಲಾಸದಲ್ಲಿ ಪಗಡೆಯಾಡಿದರಂತೆ. ಆಟದಲ್ಲಿ ಶಿವ ಸೋತ, ಸೋತು ಮುನಿಸಿಕೊಂಡು ಎದ್ದುಹೋದ. ಗಂಡಸರು ಸೋತಾಗ ಏನು ಮಾಡುತ್ತಾರೆ ಎನ್ನುವುದು ಅಂದಿನಿಂದ ಬದಲಾಗಿಲ್ಲ.

ಆಟಕ್ಕೆ ಮೇರಿಬಾಯಿ, ಪಕ್ಕದ ಮನೆಯ ಮಲ್ಲಮ್ಮ, ಮಂಚದ ಮೇಲೆ ಅತ್ತೆ. ಮಲ್ಲಮ್ಮ ವೈದ್ಯೆಯ ವೇಷ ತೆಗೆದುಕೊಂಡಳು, ಮೇರಿಬಾಯಿ ಕತ್ತಿ ಹಿಡಿದ ಸಿಪಾಯಿಯದು. ಅತ್ತೆ, "ನಾ ಕಳ್ಳಿ ಆಗ್ತೀನಿ" ಎಂದರು.

"ಅಯ್ಯ, ಅತ್ತಿ, ನೀವು?"

"ಅರವತ್ತು ವರ್ಷ ಒಳ್ಳೆಯಾಕಿ ಆಗಿ ಸಾಕಾಗ್ಯದ. ಖರೇ ಮಾಡಲಿಕ್ಕಂತೂ ಬರೂದಿಲ್ಲ. ಇದ್ರಾಗರೆ ಮಾಡ್ತೀನಿ ಬಿಡು."

ನಾನು ಪರೀಕ್ಷೆಗೆ ಓದುವವಳಂತೆ ತಯಾರಿ ಮಾಡಿದೆ. ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಒಂಬತ್ತು ಹಾಳೆ. ಸೇಡಂನಿಂದ ಹೊರಡುವುದು, ಚಂದ್ರಂಪಳ್ಳಿಯ ಕೆರೆ ದಾಟುವುದು, ಕಾಡಿನಲ್ಲಿ ಏಳು ಹೆಡೆಯ ಹಾವು, ಗುಹೆಯಲ್ಲಿ ನಿಧಿ. ಹಾವಿಗೆ ಎಷ್ಟು ಹಲ್ಲು ಎಂದು ಕೂಡ ಬರೆದಿದ್ದೆ. ಮೊದಲ ಮಧ್ಯಾಹ್ನ "ನೀವೀಗ ಸೇಡಂನಾಗ ಇದ್ದೀರಿ" ಎಂದು ಶುರುಮಾಡಿದೆ. ಅತ್ತೆ ಕೇಳಿದರು, "ಸೇಡಂನಾಗ ಯಾರ ಮನ್ಯಾಗ ಇಳಿದೀವಿ?"

ಅದನ್ನು ನಾನು ಬರೆದಿರಲಿಲ್ಲ. ಸೇಡಂ ಮಲ್ಲಮ್ಮನ ತವರು. ಅವಳ ಚಿಕ್ಕಮ್ಮನ ಮನೆಗೆ ಇಳಿಯುವುದೆಂದಾಯಿತು. ಇಳಿದ ಮೇಲೆ ಬರಿಗೈಯಲ್ಲಿ ಹೋಗಲಾದೀತೇ? ಏನು ಒಯ್ಯಬೇಕೆಂದು ಒಂದು ತಾಸು. ಚಿಕ್ಕಮ್ಮ ಊಟಕ್ಕೇಳಿಸಿದರೆ ಅತ್ತೆಯ ಕಳ್ಳಿ, "ನಂದಿನ್ನ ಲಿಂಗಪೂಜಿ ಆಗಿಲ್ಲ, ಹ್ಯಾಂಗ ಉಣ್ಣಲಿ?" ಎಂದು ಎದ್ದಳು. ಸ್ನಾನ, ಪೂಜೆ, ವಿಭೂತಿ. ಆ ದಿನದ ಆಟ ಮುಗಿಯಿತು. ಏಳು ಹೆಡೆಯ ಹಾವು ಕಾದು ಕಾದು ಮಲಗಿರಬೇಕು.

ಹೋಗುವಾಗ ಮೇರಿಬಾಯಿ ನನ್ನ ಒಂಬತ್ತು ಹಾಳೆ ತಿರುವಿ ನೋಡಿ ನಕ್ಕಳು. "ಬಹೆನ್, ನೀ ಹಾದಿ ಬರೀಬ್ಯಾಡ. ಊರು ಬರಿ. ಹಾದಿ ಅವ್ರೇ ಹುಡುಕ್ತಾರ."

ಈ ಮಾತು ಅಡುಗೆಮನೆಯಲ್ಲೂ ನಿಜವೆಂದು ಆಮೇಲೆ ತಿಳಿಯಿತು. ಹಿಟ್ಟು, ಪಲ್ಯ, ಚಟ್ನಿ ಹಿಂಡಿ ಸಿದ್ಧವಿರಬೇಕು. ಯಾರು ಯಾವುದನ್ನು ಮೊದಲು ಬಾಯಿಗಿಡುತ್ತಾರೆಂದು ಬರೆದಿಟ್ಟುಕೊಂಡರೆ ಹುಚ್ಚಿ ಎನ್ನುತ್ತಾರೆ. ಅಂದಿನಿಂದ ಒಂದೇ ಹಾಳೆ. ಊರು ಯಾವುದು, ಅಲ್ಲಿ ಯಾರಿದ್ದಾರೆ, ಅವರಿಗೇನು ಬೇಕು, ಅಷ್ಟೇ.

ಹಾಗಿದ್ದೂ ದೊಡ್ಡ ತಪ್ಪು ಮಾಡಿದೆ. ಆಟಕ್ಕೊಬ್ಬ ದುಷ್ಟ ಬೇಕಿತ್ತಲ್ಲ, ಚಂದ್ರಂಪಳ್ಳಿಯ ದಂಡೆಯ ಮೇಲೆ ಒಬ್ಬನನ್ನು ತಂದು ನಿಲ್ಲಿಸಿದೆ. ಇವರ ಹತ್ತಿರವಿದ್ದ ನಿಧಿಯ ನಕಾಶೆ ಕದಿಯಲು ಬಂದವನು. ಗುರುತು ಸಿಗಬಾರದೆಂದು ಅವನಿಗೆ ಕಾವಿ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಹೆಗಲಿಗೆ ಜೋಳಿಗೆ ಹಾಕಿ ಜಂಗಮನ ವೇಷ ಕೊಟ್ಟೆ. ನಾನೆಂಥ ಜಾಣೆ ಎಂದು ನನಗೇ ಹೆಮ್ಮೆ.

ಅತ್ತೆ ಮಲಗಿದಲ್ಲಿಂದಲೇ ಕೈಮುಗಿದರು. "ಪಾದ ತೊಳಿಲಿಕ್ಕೆ ನೀರು ತರ್ರಿ. ಮಲ್ಲಮ್ಮ, ಬುತ್ತಿ ಬಿಚ್ಚು."

ಮಲ್ಲಮ್ಮ ಬಿಚ್ಚಿದಳು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮೇರಿಬಾಯಿಗೆ ಮಾತ್ರ ಸಂಶಯ. "ಅವನ ಜೋಳಿಗಿ ತಪಾಸ ಮಾಡ್ತೀನಿ" ಎಂದಳು.

"ಸ್ವಾಮಿಗೋಳ ಜೋಳಿಗ್ಯಾಗ ಕೈ ಹಾಕ್ತೀ? ಮೇರಿಬಾಯಿ, ನಿನ್ನ ಕೈಗೆ ಹುಳ ಬೀಳ್ತಾವ ನೋಡು" ಎಂದರು ಅತ್ತೆ.

ನನಗೆ ತಡೆಯಲಾಗಲಿಲ್ಲ. ಆಡಿಸುವವರು ಹೇಳಬಾರದ್ದನ್ನು ಹೇಳಿಬಿಟ್ಟೆ. "ಅತ್ತಿ, ಅಂವ ಸ್ವಾಮಿ ಅಲ್ಲ, ಕಳ್ಳ!"

"ಗೊತ್ತದ ನಂಗ. ಕಳ್ಳರ ಗುರ್ತು ಕಳ್ಳಿಗಿ ಹತ್ತೂದಿಲ್ಲೇನು? ಹಸಿದು ಬಂದಾನ. ಮೊದಲು ಉಣ್ಣಲಿ. ಉಂಡ ಮ್ಯಾಲ ಬುದ್ಧಿ ಬರ್ತದೋ ಏನೋ, ಕವಡಿ ಒಗಿ."

ಐದು ಬೇಕು ಎಂದೆ. ಮೂರು ಬಿದ್ದವು. ನಕಾಶೆ ಕದ್ದು ಓಡಿದ ಎಂದೆ. ಮೂವರೂ ನನ್ನ ಮೇಲೆ ಬಿದ್ದರು, ಇನ್ನೊಮ್ಮೆ ಒಗಿ ಎಂದು. ನಾನು ಒಪ್ಪಲಿಲ್ಲ. ಪೂಜೆ ಮಾಡಿದ ಕೈ, ಬಿದ್ದದ್ದೇ ಬಿದ್ದದ್ದು, ಆಟದಲ್ಲೂ ಸುಳ್ಳು ಹೇಳುವುದಿಲ್ಲ ಎಂದು ದೊಡ್ಡ ಮಾತಾಡಿದೆ. ಅತ್ತೆಗೇನೂ ಬೇಸರವಾಗಲಿಲ್ಲ. "ಹೋಗ್ಲಿ. ಉಂಡೇ ಹೋದ" ಎಂದರು. ಮುಂದಿನ ಮೂರು ವಾರ ಆಟವೆಂದರೆ ಆ ಕಳ್ಳನನ್ನು ಬೆನ್ನಟ್ಟುವುದು, ಅವನಿಗೂ ಸೇರಿಸಿ ಬುತ್ತಿ ಕಟ್ಟಿಕೊಂಡು.

"ಕಳ್ಳಿ ಅಂತ ಹೆಸರು, ಇನ್ನೂ ಒಂದು ಚಮಚ ಕದ್ದಿಲ್ಲ ನೀವು" ಎಂದು ಮೇರಿಬಾಯಿ ಚುಡಾಯಿಸುತ್ತಿದ್ದಳು. ಅತ್ತೆ ನಗುತ್ತಿದ್ದರು. ಆರು ವಾರ ಆ ಕಾಲು ನೆಲ ಮುಟ್ಟಲಿಲ್ಲ.

ಪ್ಲಾಸ್ಟರು ಕತ್ತರಿಸಿದ ಡಾಕ್ಟರು, "ಎಲುಬು ಕೂಡ್ಯದ. ಇವತ್ತಿಂದ ನಡೀಬೇಕು. ಇಲ್ಲಂದ್ರ ಮೊಣಕಾಲು ಹಿಡಕೋತದ" ಎಂದರು. ಈಗ ಹೊಸ ಪೀಕಲಾಟ. ಇಳಿಯಬೇಡಿರೆಂದರೆ ಇಳಿಯುತ್ತಿದ್ದವರು, ಇಳಿಯಿರೆಂದರೆ ಇಳಿಯಲೊಲ್ಲರು. ಫರಸಿಯನ್ನು ನೋಡಿದರೆ ಮುಖ ಬಿಳುಪೇರುತ್ತಿತ್ತು. ಒಂದು ದಿನ, ಎರಡು ದಿನ, ನಾಲ್ಕು ದಿನ. ಕಾಲು ಕಟ್ಟಿಗೆಯಾಗತೊಡಗಿತು. ನನ್ನ ಗಂಡ ಬೈದರು, ಬೇಡಿದರು. ಅತ್ತೆ ಗೋಡೆಗೆ ಮುಖಮಾಡಿ ಮಲಗಿದರು.

ಐದನೆಯ ದಿನ ನಾನು ಮಂಚದ ತಲೆದೆಸೆಯಲ್ಲಿಟ್ಟಿದ್ದ ಕವಡೆ ಬಾಚಿಕೊಂಡು ಪಕ್ಕ ಕೂತೆ. ಬೇರೆ ಯಾರೂ ಇರಲಿಲ್ಲ.

"ಕಳ್ಳ ಸಿಕ್ಕಾನ, ಅತ್ತಿ. ಗುಹೆಯ ಬಾಯಾಗ ಕುಂತಾನ. ಹಸಿದಾನ. ನಡುವ ಬರೇ ಒಂದು ಹಳ್ಳ. ಅಡುಗಿಮನಿ ಹೊಸ್ತಿಲೇ ಗುಹೆ. ಹತ್ತು ಹೆಜ್ಜಿ."

ಅವರು ತಿರುಗಿದರು. "ಎಷ್ಟು ಬೀಳಬೇಕು?"

"ನಾಲ್ಕು."

ಒಗೆದೆ. ಬಾಯಿ ಮೇಲಾದವು ಎರಡೇ. ಕೂಡಲೇ ಸೆರಗು ಎಳೆದು ಮುಚ್ಚಿದೆ. ಅವರ ಮುಖ ನೋಡದೆ, "ಆರಕ್ಕ ಆರೂ ಬಿದ್ದಾವ" ಎಂದೆ.

ಅತ್ತೆ ನನ್ನ ಸೆರಗನ್ನೊಮ್ಮೆ ನೋಡಿ ಎದ್ದು ಕೂತರು. ಹೊರಗೆ ಗೂಡ್ಸ್ ಗಾಡಿಯೊಂದು ಶಂಟಿಂಗ್ ಮಾಡುತ್ತಿತ್ತು. ಅದು ನಿಂತಿತು. ಆಮೇಲೆ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಒಂದು ಕಾಲು ಊರಿದರು. ಇನ್ನೊಂದು ಊರಿದರು. ಹೆಗಲಿನ ಮೇಲೆ ಭಾರವೇ ಇರಲಿಲ್ಲ. ಹತ್ತು ಹೆಜ್ಜೆಗೆ ಎಷ್ಟು ಹೊತ್ತಾಯಿತೋ. ಹೊಸ್ತಿಲಲ್ಲಿ ಕೂತು ಉಸಿರು ತಿರುಗಿಸಿಕೊಂಡು, ಸೆರಗಿನ ಗಂಟು ಬಿಚ್ಚಿ, ಒಂದು ಕವಡೆ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ನಿನ್ನೆ ಕದ್ದಿದ್ದೆ. ನೀ ಕವಡಿ ಹಿಡಕೊಂಡೇ ಏಳಸಲಿಕ್ಕೆ ಬರ್ತಿ ಅಂತ ಗೊತ್ತಿತ್ತು; ಒಂದು ಕಡಿಮಿ ಆದ್ರ ಏಳೋದು ತಪ್ಪೀತು ಅಂತ. ಇದ್ದದ್ದೇ ಐದು. ಆರು ಹ್ಯಾಂಗ ಬಿದ್ದಾವ, ಯವ್ವ?"

ನಾನು ತಲೆ ತಗ್ಗಿಸಿದೆ. "ಮತ್ತ ಯಾಕ ಎದ್ರಿ?"

"ಅವತ್ತ ಆ ಕಳ್ಳನ ಸಲುವಾಗಿ ಸುಳ್ಳು ಹೇಳದಾಕಿ ಇವತ್ತ ನನ್ನ ಸಲುವಾಗಿ ಹೇಳಿದಿ. ಏಳದಿದ್ರ ಹ್ಯಾಂಗ?" ಎಂದು, ಒಲೆಯ ಕಡೆ ಮೂಗು ತಿರುಗಿಸಿದರು. "ರೊಟ್ಟಿ ಸೀಯಲಿಕತ್ತದ ನೋಡು."

ಮರುದಿನ ಪೂಜೆಗೆ ಕೂತಾಗ ತಪ್ಪೊಪ್ಪಿಕೊಳ್ಳಬೇಕೆಂದಿದ್ದೆ. ಅದರ ಬದಲು ಬೆರಳು ಮಡಚತೊಡಗಿದೆ. ನನ್ನ ಬದುಕಿನಲ್ಲಿ ಎರಡೇ ಕವಡೆ ಬಿದ್ದಿದ್ದಂಥ ಎಷ್ಟೋ ದಿನಗಳು ನೆನಪಾದವು. ಆ ದಿನಗಳಲ್ಲೂ ಯಾರೋ ಆರು ಎಂದಿದ್ದರು, ನಾನು ನಂಬಿ ಎದ್ದು ನಡೆದಿದ್ದೆ. ಶಿವನಿಗೆ ಸೆರಗಿಲ್ಲ. ಹುಲಿಚರ್ಮದ ತುದಿಯಲ್ಲೇ ಮುಚ್ಚಿದ್ದನೇನೋ.