ಎಡಗೈಗೆ ಒಲಿದ ಸೂಜಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ದೊಡ್ಡಕ್ಕ ತಣ್ಣೀರಿನ ತೊಟ್ಟಿಗೆ ಮೊಣಕೈವರೆಗೆ ಕೈ ಇಳಿಬಿಟ್ಟಿದ್ದಾರೆ. ಗಾಜಿಗೆ ಬಾಯೊತ್ತಿ ಅಂಟಿಕೊಂಡಿರುವುದು ಹಾವಿನಂತೆ ಉದ್ದನೆಯ, ದವಡೆಯೇ ಇಲ್ಲದ ಮೀನು. ಬಾಯಿಯೆಂದರೆ ಹಲ್ಲು ತುಂಬಿದ ದುಂಡು ಬಟ್ಟಲು, ಅಷ್ಟೇ. ಅದನ್ನು ಮೆಲ್ಲಗೆ ಬಿಡಿಸಿ, ಮಂಪರಿನ ಮದ್ದು ಬೆರೆಸಿದ ನೀರಿಗೆ ಬಿಡುತ್ತಾರೆ. ಮೀನು ಸುಮ್ಮನಾದ ಮೇಲೆ ಬಾಲದ ಹತ್ತಿರ ಸೂಜಿ. ಹಿಡಿದಿರುವುದು ಎಡಗೈಯಲ್ಲಿ.

ಇಲ್ಲಿನ ಮುಖ್ಯಸ್ಥರು ವಯಸ್ಸಿನಲ್ಲಿ ಹಿರಿಯರಾದರೂ ಇವರನ್ನು ಕರೆಯುವುದು ದೊಡ್ಡಕ್ಕ ಎಂದೇ. ದೊಡ್ಡಕ್ಕ ಇಲ್ಲಿಗೆ ಗಾಜಿನ ಸಾಮಾನು ತೊಳೆಯಲು ಸೇರಿದವರು, ಮೀನಿನ ರಕ್ತ ತೆಗೆಯುವ ಕೆಲಸಕ್ಕೆ ಕೈ ಪಳಗಿಸಿಕೊಂಡರು.

ಅದರಲ್ಲೇನು ಮಹಾ ಅನ್ನಬೇಡಿ. ಮೀನು ಒದ್ದಾಡಿದರೆ ರಕ್ತ ಹುಳಿಯಾಗುತ್ತದೆ. ಕೆಂಪು ರಕ್ತಕಣ ಆ ಹುಳಿಯನ್ನು ಆಚೆ ದಬ್ಬಿ, ಬದಲಿಗೆ ಸೋಡಿಯಂ ಎಳೆದುಕೊಳ್ಳುತ್ತದೆ. ಅದರ ಬೆನ್ನಿಗೆ ನೀರೂ ನುಗ್ಗಿ ಕಣ ಊದಿಕೊಳ್ಳುತ್ತದೆ. ಊದಿದ ಕಣ ಮತ್ತೆ ತನ್ನ ಗಾತ್ರಕ್ಕೆ ಮರಳುವುದು ಹೇಗೆಂಬುದೇ ಇಲ್ಲಿನವರ ಪ್ರಶ್ನೆ. ಮೊದಲೇ ಊದಿದ್ದನ್ನು ಅಳೆದು ಉಪಯೋಗವೇನು? "ಒಂದೇ ಸಲಕ್ಕೆ ಸೂಜಿ ಹೋಗ್ಬೇಕು. ಇನ್ನೊಂದ್ಸಲ ಚುಚ್ಚಿದ್ರೆ ಆ ರಕ್ತ ಚೆಲ್ಲೋಕೇ ಸರಿ," ಎನ್ನುತ್ತಾರೆ ದೊಡ್ಡಕ್ಕ.

ಹೋದ ವರ್ಷ, ಈ ಮೀನುಗಳು ಸಮುದ್ರದಿಂದ ನದಿಗೆ ಏರಿ ಬಂದು ಸಿಗುವ ಕಾಲಕ್ಕೆ ಇನ್ನು ಕೆಲವು ತಿಂಗಳಿರುವಾಗ, ಇದೇ ಒದ್ದೆ ನೆಲದಲ್ಲಿ ಜಾರಿಬಿದ್ದು ಅವರ ಬಲ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳುಗಳು ಮಾತು ಕೇಳಲಿಲ್ಲ. ಪ್ರಯೋಗ ಮುಂದಿನ ವರ್ಷಕ್ಕಿರಲಿ ಎಂದರು ಮುಖ್ಯಸ್ಥರು. ಒಂದು ವರ್ಷ ಸುಮ್ಮನಿದ್ದರೆ ತೊಟ್ಟಿಗಳು ಬೇರೆ ವಿಭಾಗದ ಪಾಲಾಗುತ್ತವೆಂದು ಇಬ್ಬರಿಗೂ ಗೊತ್ತಿತ್ತು. ದೊಡ್ಡಕ್ಕ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಮನೆಯ ಅಡುಗೆ ಮೇಜಿನ ಮೇಲೆ ತಾಲೀಮು ಶುರುವಾಯಿತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ, ಬಣ್ಣದ ನೀರು ತುಂಬಿದ ರಬ್ಬರ್ ಕೊಳವೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಿಡಿಯುತ್ತಿದ್ದರು. ಇವರು ಎಡಗೈಯಲ್ಲಿ ಚುಚ್ಚುತ್ತಿದ್ದರು. ಕೆಲವು ಚುಚ್ಚು ಕೊಳವೆಗಲ್ಲ, ಗಂಡನ ಹೆಬ್ಬೆರಳಿಗೆ. "ಮೀನಿಗಾದ್ರೂ ಮದ್ದು ಕೊಡ್ತೀಯ, ನನಗೆ ಅದೂ ಇಲ್ಲ," ಎಂದು ಗೊಣಗಿದರೇ ಹೊರತು ಅವರು ಕೈ ಹಿಂದೆಗೆಯಲಿಲ್ಲ.

ಮೀನು ಬಂದವು. ಮೊದಲನೆಯದಕ್ಕೇ ಎಡಗೈ ಕೈಕೊಟ್ಟಿತು: ಸೂಜಿ ತಪ್ಪಿ, ಮೀನು ಎಚ್ಚೆತ್ತು ಒದ್ದಾಡಿ, ರಕ್ತ ವ್ಯರ್ಥ. ಬೇರೆಯವರನ್ನು ಕರೆಸಲೇ ಎಂದು ಮುಖ್ಯಸ್ಥರು ಮೆಲ್ಲಗೆ ಕೇಳಿದರು. ದೊಡ್ಡಕ್ಕ ಕೈ ತೊಳೆದುಕೊಂಡರು. "ಇನ್ನೊಂದು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕರೆಸಿ."

ಎರಡನೆಯದರಲ್ಲಿ ರಕ್ತ ಸಲೀಸಾಗಿ ಸಿರಿಂಜಿಗೆ ಏರಿತು. ತೆಳು ಉಪ್ಪುನೀರಿಗೆ ಹಾಕಿದಾಗ ಆ ಕಣಗಳು ಉಬ್ಬಿದವು. ಆಮೇಲೆ ಪೊಟ್ಯಾಸಿಯಂ ಹೊರಗೆ ಬಿಟ್ಟು, ಅದರ ಜೊತೆ ನೀರನ್ನೂ ಕಳೆದುಕೊಂಡು ತಮ್ಮ ಗಾತ್ರಕ್ಕೆ ಇಳಿದವು. ಮುಖ್ಯಸ್ಥರೇ ಇವರನ್ನು ಕರೆದು ಪರದೆಯ ಮೇಲೆ ಕೆಳಗಿಳಿಯುವ, ಕಣದ ಗಾತ್ರದ ಗೆರೆ ತೋರಿಸಿದರು. ತೊಟ್ಟಿಗಳು ಇಲ್ಲೇ ಉಳಿದವು.

ಬಲಗೈ ಈಗ ಟೀ ಲೋಟ ಎತ್ತುವಷ್ಟು ಸುಧಾರಿಸಿದೆ. ಸೂಜಿಯನ್ನು ಮತ್ತೆ ಅದಕ್ಕೆ ಕೊಡುವಿರಾ ಎಂದರೆ ಇಲ್ಲವೆಂದು ತಲೆಯಾಡಿಸಿ ನಗುತ್ತಾರೆ.

"ಎಡಗೈಯಲ್ಲಿ ತೆಗೆದ ರಕ್ತ ಸರಿ ಇದೆಯಾ ಅಂತ ಈಗ ಯಾರೂ ಕೇಳಲ್ಲ. ನೇರ ಅಳತೆಗೆ ತಗೊಂಡು ಹೋಗ್ತಾರೆ."