ಯಬ್ಬೋಕ್ ಹೊಳೆಯ ಕುಸ್ತಿ

ಹೀಬ್ರೂ ಕಲಿಸುತ್ತಲೇ ತಲೆಗೂದಲು ಬೆಳ್ಳಗಾದವಳು ನಾನು. ಬೈಬಲ್ಲಿನ ಯಾವ ಹೊಳೆಯ ಹೆಸರಿಗೆ ಏನರ್ಥ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲೆ. ನಮ್ಮ ಯಜಮಾನರಿಗೆ ಮಾತ್ರ ಈ ವಿದ್ಯೆಯ ಮೇಲೆ ಆಸಕ್ತಿ ಅಷ್ಟಕ್ಕಷ್ಟೆ. ಅವರು ಹಳೆಯ ಪೈಲ್ವಾನರು, ಗೋಪನಕೊಪ್ಪದ ಗರಡಿಯ ಕೆಂಪು ಮಣ್ಣಿನಲ್ಲಿ ಪಳಗಿದ ಮೈ. ಭಾನುವಾರದ ಪ್ರಾರ್ಥನೆಗೆ ತಪ್ಪದೆ ಬರುತ್ತಾರೆ, ಉಪದೇಶ ಶುರುವಾದೊಡನೆ ತಪ್ಪದೆ ತೂಕಡಿಸುತ್ತಾರೆ.

ಹೋದ ಮಳೆಗಾಲದಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿಯಿತು. ಸತ್ತೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ದಿನಾ ಕೋಲು ಹಿಡಿದು ನಡೆಯಬೇಕು, ಈಗ ನಡೆಯದಿದ್ದರೆ ಮುಂದೆ ಹಾಸಿಗೆಯೇ ಗತಿ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದರು. ದೇಶಪಾಂಡೆ ನಗರದ ಮನೆಗೆ ಬಂದ ಮೇಲೆ ಇವರು ಕೋಲು ಮುಟ್ಟಲಿಲ್ಲ. ಎಷ್ಟೋ ಎದುರಾಳಿಗಳ ಬೆನ್ನನ್ನು ಮಣ್ಣಿಗೆ ಹತ್ತಿಸಿ ಗೆದ್ದವನು ಬಚ್ಚಲಲ್ಲಿ ಬಿದ್ದು ಕುಂಟುತ್ತ ಓಣಿಗೆ ಇಳಿದರೆ ಮಂದಿ ನಗುತ್ತಾರೆ ಎಂಬುದು ಅವರ ವಾದ. ನಾನು ಗದರಿದೆ, ರಮಿಸಿದೆ, ಅಡುಗೆ ಮಾಡುವುದಿಲ್ಲ ಎಂದೂ ಹೆದರಿಸಿದೆ. ಆ ದಪ್ಪ ತೊಡೆಗಳು ಸೊರಗುತ್ತ ಬಂದವು. ನನಗೆ ನಿಜಕ್ಕೂ ಭಯವಾಯಿತು.

ಒಂದು ಸಂಜೆ ಮಂಚದ ಪಕ್ಕ ಕೂತು ಯಾಕೋಬನ ಕತೆ ಓದಿದೆ. ಅಣ್ಣನಿಗೆ ಹೆದರಿದ ಯಾಕೋಬ ಯಬ್ಬೋಕ್ ಹೊಳೆಯ ಹತ್ತಿರ ಒಬ್ಬನೇ ಉಳಿಯುತ್ತಾನೆ. ಯಾರೋ ಬಂದು ಬೆಳಗಾಗುವವರೆಗೆ ಅವನೊಂದಿಗೆ ಹೋರಾಡುತ್ತಾನೆ. 'ಹೋರಾಟ' ಎಂದೊಡನೆ ಇವರು ಆಕಳಿಸಿದರು. ಹುಬ್ಬಳ್ಳಿಯಲ್ಲಿ ಹೋರಾಟ ಎಂದರೆ ಸರ್ಕಲ್‌ನಲ್ಲಿ ಟೈರ್ ಸುಡುವುದು, ಬಸ್ ನಿಲ್ಲಿಸುವುದು. ಯಾಕೋಬನೂ ಹೊಳೆ ನೀರಿಗಾಗಿ ಧರಣಿ ಕೂತಿದ್ದ ಎಂದೇ ಇಷ್ಟು ವರ್ಷ ತಿಳಿದಿದ್ದರಂತೆ.

ನನಗೆ ಸಿಟ್ಟೂ ಬಂತು, ನಗುವೂ ಬಂತು. ಅದು ಧರಣಿಯಲ್ಲ, ಕುಸ್ತಿ ಎಂದೆ. ಹೊಳೆಯ ಹೆಸರು ಯಬ್ಬೋಕ್. ಕುಸ್ತಿ ಹಿಡಿದ ಎನ್ನಲು ಅಲ್ಲಿ ಬಳಸಿದ ಪದ ಯೇಅವೇಕ್. ಎರಡು ಪದಗಳೂ ಕಿವಿಗೆ ಒಂದೇ ಬಳಗದ ಮಾತುಗಳಂತೆ ಕೇಳಲಿ ಎಂದೇ ಹಾಗೆ ಬರೆದದ್ದು. ಹೊಳೆಯ ಹೆಸರಿನ ಮೂಲ ನೀರು ಸುರಿದು ಬರಿದಾಗುವುದು ಎಂದು ವಾದಿಸುವ ಪಂಡಿತರಿದ್ದಾರೆ, ವಾದಿಸಲಿ. ಕುಸ್ತಿಯ ಆ ಪದಕ್ಕೆ ಅಂಟಿಕೊಂಡಿರುವುದು ಧೂಳು, ಹೀಬ್ರೂವಿನಲ್ಲಿ ಅವಾಕ್. ಮಣ್ಣಲ್ಲಿ ಹೊರಳಾಡಿದರೇ ಕುಸ್ತಿ. ಕೇಳಿ ನಮ್ಮ ಯಜಮಾನರೇ ಅವಾಕ್ಕಾದರು. ಎದುರಾಳಿ ಮುಟ್ಟಿದ್ದಕ್ಕೆ ಯಾಕೋಬನ ತೊಡೆಯ ಕೀಲು ತಪ್ಪಿತು, ಆದರೂ ಆಶೀರ್ವಾದ ಸಿಗುವತನಕ ಅವನು ಹಿಡಿತ ಬಿಡಲಿಲ್ಲ, ಹೊತ್ತು ಮೂಡಿದಾಗ ಕುಂಟುತ್ತಲೇ ಹೊರಟ ಎಂದು ಮುಗಿಸಿದೆ.

ಅವರು ಮೊಣಕೈ ಊರಿ ಎದ್ದು ಕೂತರು.

"ಅಂವನ ಬೆನ್ನು ಮಣ್ಣಿಗಿ ಹತ್ತಿತ್ತೇನು?"

"ಹತ್ತಿತ್ತಂತ ಎಲ್ಲೂ ಬರದಿಲ್ರೀ."

"ಹಂಗಾರ ಸೋತಿಲ್ಲ ಅಂವ."

ಮರುದಿನ ಬೆಳಿಗ್ಗೆ ತಾವಾಗಿಯೇ ಕೋಲು ಕೇಳಿದರು. ನಾನು ಹಿಂದೆ ಹಿಂದೆಯೇ ಹೋದೆ. ಗೇಟು ದಾಟುವಷ್ಟರಲ್ಲಿ ಎದುರುಮನೆಯ ಕಾಕಾ ಸಿಕ್ಕು, ಪೈಲ್ವಾನರ ಕಾಲಿಗೆ ಏನಾಯಿತು ಎಂದು ಕೇಳಿಯೇಬಿಟ್ಟರು. ಇನ್ನು ಇವರು ಒಳಗೆ ಹೋಗಿ ಮಲಗಿದರೆ ಮತ್ತೆ ಏಳುವುದಿಲ್ಲ ಎಂದು ನಾನು ಗೇಟಿಗೆ ಅಡ್ಡ ನಿಂತೆ.

"ಬಚ್ಚಲದಾಗ ಬಿದ್ದೇನ್ರಿ," ಎಂದರು ಇವರು, ಇಡೀ ಓಣಿಗೆ ಕೇಳುವಂತೆ. "ಮಗ್ಗಲಿಗಿ ಬಿದ್ದೇನಿ. ಬೆನ್ನು ನೆಲಕ್ಕ ಹತ್ತಿಲ್ಲ."

ಹಾಗೆಂದು ಕುಂಟುತ್ತ ಮುಂದೆ ನಡೆದರು.