ಹೃದಯವನ್ನು ನಡುವೆಯೇ ನಿಲ್ಲಿಸಿದ ಮೇಡಂ

ಪಟ್ಟಂದೂರು ಅಗ್ರಹಾರದ ಶಾಲೆಯೊಂದರ ಶಿಕ್ಷಕರಿಗೆ ಪ್ರೊಜೆಕ್ಟರ್ ಬಳಸಿ ಪಾಠ ಮಾಡುವುದನ್ನು ಕಲಿಸಲು ನಮ್ಮ ಐಟಿ ಕಂಪನಿ ಶನಿವಾರಗಳಂದು ನನ್ನನ್ನು ಕಳಿಸುತ್ತಿತ್ತು. ನಾನು ಜನ್ಮದಲ್ಲಿ ಯಾರಿಗೂ ಪಾಠ ಮಾಡಿದವನಲ್ಲ. ಕುತ್ತಿಗೆಯಲ್ಲಿ ಟೈ ಇತ್ತು, ಕಂಪನಿಗೆ ಅಷ್ಟು ಸಾಕಿತ್ತು.

ಅಲ್ಲಿನ ವಿಜ್ಞಾನದ ಮೇಡಂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲ ಬೆಂಚಿನಲ್ಲೇ ಕೂರುತ್ತಿದ್ದರು. ನನ್ನ ಪ್ರತಿ ಸ್ಲೈಡಿಗೂ ಅವರದು ಒಂದೇ ಪ್ರಶ್ನೆ: "ತಡೀರಿ ಸಾರ್, ಇದ್ರಲ್ಲಿ ಮಕ್ಕಳೇನ್ ಮಾಡ್ತಾರೆ?"

"ನೋಡ್ತಾರೆ ಮೇಡಂ."

"ನೋಡೋಕೆ ಮನೇಲಿ ಟೀವಿ ಇದ್ಯಲ್ಲ?"

ಕೊನೆಯ ದಿನ ಎಲ್ಲರೂ ಮಕ್ಕಳೆದುರು ಪಾಠ ಮಾಡಿ ತೋರಿಸಬೇಕಿತ್ತು. ಪಾಸು ಮಾಡುವವನು ನಾನೇ. ಮೇಡಂ ಹೃದಯದ ವಿಡಿಯೋ ಹಾಕಿದರು. ರಕ್ತ ಹೃದಯದ ಬಲಭಾಗಕ್ಕೆ ಇಳಿಯುತ್ತಿದ್ದಂತೆ ತಟ್ಟನೆ ನಿಲ್ಲಿಸಿ, "ಈಗ ಇದು ಎಲ್ಲಿಗೆ ಹೋಗುತ್ತೆ?" ಎಂದರು. ತರಗತಿಯಲ್ಲಿ ದೊಡ್ಡ ಜಗಳವೇ ಎದ್ದಿತು. ಕೊನೆಗೆ ಒಬ್ಬಳು ಹುಡುಗಿ ಓಡಿಬಂದು ಪರದೆಯ ಮೇಲೆ ಬೆರಳಿಟ್ಟು, "ಶ್ವಾಸಕೋಶಕ್ಕೆ ಮಿಸ್, ಗಾಳಿ ತಗೊಳ್ಳೋಕೆ!" ಎಂದು ಕೂಗಿದಳು. ಆಮೇಲೆ ಮೇಡಂ ವಿಡಿಯೋ ಬಿಟ್ಟರು. ರಕ್ತ ಅವಳು ತೋರಿಸಿದ ದಾರಿಯಲ್ಲೇ ಹೋಯಿತು.

"ಎರಡು ನಿಮಿಷದ ವಿಡಿಯೋಗೆ ನಲವತ್ತು ನಿಮಿಷ ತಗೊಂಡ್ರಲ್ಲ ಮೇಡಂ," ಎಂದು ಆಕ್ಷೇಪಿಸಿದೆ.

"ವಿಡಿಯೋ ಎರಡು ನಿಮಿಷದ್ದು ಸಾರ್. ಪಾಠ ನಲವತ್ತು ನಿಮಿಷದ್ದು."

ಹೂಡಿಯ ಶಾಲೆಯಲ್ಲಿ ನಡೆದ ಮುಂದಿನ ತರಬೇತಿಗೆ ಅವರನ್ನೇ ಕರೆದೊಯ್ದೆ. ಅವರು ಶಿಕ್ಷಕರಿಗೆ ಕಲಿಸಿದರು. ನಾನು ಪ್ಲಗ್ ಹಾಕಿದೆ.